ಎಡಗಡೆ ಮುಂದಿನ ಚಕ್ರದ ಎರಡು ನಟ್ಟುಗಳು

ಆದಿಲಕ್ಷ್ಮಮ್ಮ ಕೋಂ ಲೇಟ್ ಚಿಕ್ಕಬೀರಪ್ಪ, ವಯಸ್ಸು ಸುಮಾರು 58 ವರ್ಷ, ಕಸುಬು ವ್ಯವಸಾಯ ಮತ್ತು ಹಸು ಸಾಕಾಣಿಕೆ, ವಾಸ ಹುಣಸೆಕುಂಟೆ ಗ್ರಾಮ, ಸೂಲಿಬೆಲೆ ಹೋಬಳಿ, ಹೊಸಕೋಟೆ ತಾಲ್ಲೂಕು, ಬೆಂಗಳೂರು ಗ್ರಾಮಾಂತರ ಜಿಲ್ಲೆ.

ಮೇಲ್ಕಂಡ ವಿಳಾಸದ ನಾನು, ಯಾರೂ ಕರೆಸದೆ, ಯಾರೂ ಹೇಳಿಕೊಡದೆ, ನಾನಾಗಿಯೇ ಇವತ್ತು ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನನಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಮೂರ್ತಿ, ಹೊಸಕೋಟೆಯ ಕಡೆ ಕಂಪನಿ ಕೆಲಸದಲ್ಲಿದ್ದು ಅಲ್ಲೇ ಬಾಡಿಗೆ ಮನೆಯಲ್ಲಿದ್ದಾನೆ. ಚಿಕ್ಕವನು ದೇವೇಂದ್ರ, 33 ವರ್ಷ. ಇವನು ಸ್ವಂತ ಕಾರು ಇಟ್ಟುಕೊಂಡು ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಬಾಡಿಗೆ ಓಡಿಸುತ್ತಿದ್ದನು. ಇವನ ಹೆಂಡತಿ ಜ್ಯೋತಿಲಕ್ಷ್ಮಿ ಸೂಲಿಬೆಲೆಯ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಇವರಿಗೆ ಹರ್ಷಿತ ಎಂಬ ಆರು ವರ್ಷದ ಮಗಳಿದ್ದಾಳೆ. ಈ ಮೂವರು ಮತ್ತು ನಾನು ಒಂದೇ ಮನೆಯಲ್ಲಿದ್ದೆವು.

ದಿನಾಂಕ 12-11-2018 ಸೋಮವಾರ ನನ್ನ ಮಗ ದೇವೇಂದ್ರನು ಹಾವು ಕಡಿದು ತೀರಿಹೋದನು. ಅವನನ್ನು ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದವನು ನಮ್ಮೂರಿನ ಭೀಮರಾಜ್ ಬಿನ್ ದೊಡ್ಡಮುನಿಯಪ್ಪ. ದಾರಿಯಲ್ಲಿ ಕಾರು ಪಂಕ್ಚರ್ ಆದಾಗ ಭೀಮರಾಜನು ಬೇಕೆಂದೇ ಗಾಡಿ ನಿಲ್ಲಿಸಿ, ಚಕ್ರ ಬಿಚ್ಚುತ್ತೇನೆಂದು ನಟ್ಟುಗಳನ್ನು ಹಾಳುಮಾಡಿ, ಕಾಲಹರಣ ಮಾಡಿ ತನ್ನ ತಮ್ಮನ ಸಾವಿಗೆ ಕಾರಣನಾದನು ಎಂದು ಮೂರ್ತಿ ಅವತ್ತೇ ದೂರು ಕೊಟ್ಟಿದ್ದಾನೆ. ಆ ದಿನ ನನ್ನನ್ನೂ ಕೇಳಿದ್ದರು. ನನಗೆ ಬಾಯಿ ಬರಲಿಲ್ಲ, ನನ್ನ ಪರವಾಗಿ ಮೂರ್ತಿಯೇ ಮಾತಾಡಿದನು. ಮೂರ್ತಿ ಆ ಹೊತ್ತಿನಲ್ಲಿ ಕಾರಿನಲ್ಲಿ ಇರಲಿಲ್ಲ. ಕಾರಿನಲ್ಲಿದ್ದವರು ನಾವು ಮೂವರೇ. ಒಬ್ಬ ಸತ್ತಿದ್ದಾನೆ. ಇನ್ನೊಬ್ಬನ ಮಾತನ್ನು ಯಾರೂ ನಂಬುತ್ತಿಲ್ಲ. ಉಳಿದವಳು ನಾನು.

ಘಟನೆ ನಡೆದ ದಿನದಿಂದ ಹೇಳಿ ಎಂದು ಬರೆದುಕೊಳ್ಳುತ್ತಿರುವ ಹೆಡ್ ಕಾನ್ಸ್‌ಟೇಬಲ್ ಬೈರಪ್ಪನವರು ಹೇಳಿದರು. ಚಕ್ರದ ನಟ್ಟಿನ ವಿಚಾರ ಮೊದಲು ಹೇಳದಿದ್ದರೆ ಆ ದಿನದ್ದು ಯಾರಿಗೂ ಅರ್ಥವಾಗುವುದಿಲ್ಲ, ಆದ್ದರಿಂದ ಅಲ್ಲಿಂದಲೇ ಹೇಳುತ್ತೇನೆ ಎಂದೆನು.

ಈಗ್ಗೆ ಎರಡು ವರ್ಷದ ಹಿಂದೆ ದೇವೇಂದ್ರನು ವಿಮಾನ ನಿಲ್ದಾಣದ ಕಡೆಯಿಂದ ಊರಿಗೆ ಬರುವಾಗ, ಅವನ ಮುಂದೆ ಹೋಗುತ್ತಿದ್ದ ಒಂದು ವ್ಯಾನಿನ ಹಿಂದಿನ ಚಕ್ರ ಕಳಚಿಕೊಂಡಿತು. ವ್ಯಾನು ಹೋಗಿ ಮೋರಿಗೆ ತಾಗಿ ನಿಂತಿತು, ಅದರಲ್ಲಿದ್ದವರಿಗೆ ಏನೂ ಆಗಲಿಲ್ಲ. ಆದರೆ ಚಕ್ರವು ಒಂದೇ ಉರುಳಿಕೊಂಡು ಹೋಗಿ, ರಸ್ತೆ ಪಕ್ಕದಲ್ಲಿ ಸೀಬೆಹಣ್ಣು ಮಾರುತ್ತಿದ್ದ ಹೆಂಗಸಿಗೆ ಬಡಿಯಿತು. ಆಕೆಯನ್ನು ಎತ್ತಿ ಕೂರಿಸಿದವರಲ್ಲಿ ದೇವೇಂದ್ರನೂ ಒಬ್ಬ. ಆಕೆ ಅಲ್ಲೇ ಹೋಗಿಬಿಟ್ಟಳು. ಆ ದಿನ ಮನೆಗೆ ಬಂದವನು ತಟ್ಟೆಯ ಮುಂದೆ ಕೂತು ಉಣ್ಣದೆ ಕೈ ತೊಳೆದುಕೊಂಡು ಎದ್ದನು. ಆಕೆಯ ತಕ್ಕಡಿಯಲ್ಲಿ ಹಣ್ಣು ಹಾಗೇ ಇತ್ತು ಎಂದು ಮಾತ್ರ ಹೇಳಿದನು.

ಮಾರನೆಯ ದಿನದಿಂದ ಅವನಿಗೆ ಚಕ್ರದ ಭಯ ಹಿಡಿಯಿತು. ಗಾಡಿ ತೆಗೆಯುವ ಮೊದಲು ನಾಲ್ಕು ಚಕ್ರದ ನಟ್ಟುಗಳನ್ನೂ ಬಿಗಿ ಮಾಡುವುದು. ಕೈಯಲ್ಲಿ ಬಿಗಿ ಮಾಡಿದರೆ ಸಾಲದು, ಸ್ಪಾನರ್ ನಟ್ಟಿಗೆ ಸಿಕ್ಕಿಸಿ, ಅದರ ಹಿಡಿಯ ಮೇಲೆ ಎರಡು ಕಾಲೂ ಇಟ್ಟು ಹತ್ತಿ ನಿಂತು ಕುಲುಕುವುದು. ಒಂದು ಕೈಯಲ್ಲಿ ಕಾರಿನ ಮೇಲ್ಛಾವಣಿ ಹಿಡಿದುಕೊಂಡಿರುತ್ತಿದ್ದನು. "ಏಯ್ ಇವ್ಳೇ, ಆ ಸ್ಪಾನರ್ ಕೊಡು" ಎಂದು ಹೆಂಡತಿಯನ್ನು ಕೂಗುವುದು ದಿನಾ ಬೆಳಿಗ್ಗೆ ಬೀದಿಗೆಲ್ಲ ಕೇಳುತ್ತಿತ್ತು. ಓರಗೆಯವರು ಏನ್ ಗುರು, ಗಾಡಿ ಮೇಲೆ ಯೋಗಾಸನನಾ ಎಂದು ರೇಗಿಸುತ್ತಿದ್ದರು. ಹರ್ಷಿತ ಕೂಡ ತಾನೂ ಹತ್ತುತ್ತೇನೆಂದು ಹಟ ಮಾಡುತ್ತಿದ್ದಳು. ಅವನು ಯಾರ ಮಾತಿಗೂ ನಗುತ್ತಿರಲಿಲ್ಲ.

ಇದರ ಜೊತೆಗೆ ಎಣ್ಣೆಯ ವಿಚಾರ. ನನ್ನ ಗಂಡ ಚಿಕ್ಕಬೀರಪ್ಪನವರು ಎತ್ತಿನ ಗಾಡಿಯಲ್ಲಿ ಹೊಸಕೋಟೆಯ ಸಂತೆಗೆ ಸರಕು ಹೊಡೆಯುತ್ತಿದ್ದರು. ಗಾಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆಯನ್ನು ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಯ ಕೆಳಗೆ ನೇತುಹಾಕುತ್ತಿದ್ದರು. ಹರಳೆಣ್ಣೆಗೆ ಹುಲ್ಲು ಸುಟ್ಟ ಮಸಿ ಕಲಸಿದರೆ ಅದೇ ಕೀಲೆಣ್ಣೆ. ಎಣ್ಣೆ ಕಾಣದ ಚಕ್ರ ದಾರಿಯಲ್ಲಿ ಕೈ ಕೊಡುತ್ತದೆಂದು ಮಕ್ಕಳಿಬ್ಬರಿಗೂ ಹೇಳುತ್ತಿದ್ದರು. ಗಾಡಿ ಹೋಯಿತು, ಎತ್ತು ಹೋದವು, ಅವರೂ ಹೋದರು. ಗೊಟ್ಟ ಮಾತ್ರ ಅಟ್ಟದ ಮೇಲಿತ್ತು. ದೇವೇಂದ್ರನು ಅದನ್ನು ಇಳಿಸಿ ತೊಳೆದು, ಹರಳೆಣ್ಣೆ ತುಂಬಿ, ಆಯುಧಪೂಜೆಯ ಹಿಂದಿನ ದಿನ ಪ್ರತಿ ನಟ್ಟನ್ನೂ ಬಿಚ್ಚಿ ಬೋಲ್ಟಿಗೆ ಎಣ್ಣೆ ಬಿಟ್ಟು ಮತ್ತೆ ಹಾಕಿ ಹತ್ತಿ ನಿಲ್ಲುತ್ತಿದ್ದನು. ಆಮೇಲೆ ಚಕ್ರಕ್ಕೂ ನಟ್ಟಿಗೂ ಸೇರಿಸಿ ಬೆಳ್ಳಿ ಬಣ್ಣ ಬಳಿಯುತ್ತಿದ್ದನು, ಸ್ಪಾನರ್ ತಾಗಿ ಸುಲಿದ ಕಡೆ ಆಗಾಗ ಮತ್ತೆ ಬಳಿಯುತ್ತಿದ್ದನು. ಪೂಜೆಯ ದಿನ ಗಾಡಿ ಮಿರಮಿರ ಮಿಂಚುತ್ತಿತ್ತು. ಅಪ್ಪನ ಗೊಟ್ಟ ಕೆಲಸಕ್ಕೆ ಬಂತಲ್ಲ ಎಂದು ನನಗೆ ಖುಷಿಯೇ ಆಗಿತ್ತು.

ಭೀಮರಾಜನ ವಿಚಾರ. ಅವನಿಗೆ ಕಾರು ಓಡಿಸುವುದನ್ನು ಕಲಿಸಿದವನೇ ದೇವೇಂದ್ರ. ಅವನೂ ಇನ್ನೊಬ್ಬರ ಗಾಡಿಯನ್ನು ವಿಮಾನ ನಿಲ್ದಾಣಕ್ಕೆ ಓಡಿಸುತ್ತಾನೆ. ಇಬ್ಬರಿಗೂ ಜಗಳವಿತ್ತು ಎಂದು ಮೂರ್ತಿ ದೂರಿನಲ್ಲಿ ಹೇಳಿದ್ದಾನೆ. ಜಗಳ ಆಗಿದ್ದು ನಿಜ. ಆಯುಧಪೂಜೆಗೆ ಮುಂಚೆ, ಬೋರ್‌ವೆಲ್ ಹತ್ತಿರ ಯಾರು ಮೊದಲು ಗಾಡಿ ತೊಳೆಯಬೇಕೆಂದು ಇಬ್ಬರೂ ಕೂಗಾಡಿದ್ದರು. ಸಂಜೆ ನಮ್ಮ ಜಗಲಿಯ ಮೇಲೆ ಕೂತು ಟೀ ಕುಡಿದರು. ಇದನ್ನು ದ್ವೇಷ ಎಂದು ಬರೆಯುವುದಾದರೆ ನಮ್ಮೂರಿನಲ್ಲಿ ದಿನಕ್ಕೆ ಹತ್ತು ಕೇಸು ಬರೆಯಬೇಕಾಗುತ್ತದೆ. ಕಾಲೋನಿಯವನ ಕೈಗೆ ಗಾಡಿ ಕೊಟ್ಟಿದ್ದೇ ತಪ್ಪು ಎಂದೂ ನಮ್ಮ ಬೀದಿಯವರು ಕೆಲವರು ಮಾತಾಡುತ್ತಿದ್ದಾರೆ. ಮಾತಾಡಿದವರ ಹೆಸರು ಬೇಕಾದರೆ ಹೇಳುತ್ತೇನೆ. ಅವರ ಮನೆಗಳಲ್ಲೂ ಕಾರುಗಳಿವೆ. ಅವತ್ತು ಕೂಗಿದಾಗ ಓಡಿ ಬಂದವನು ಭೀಮರಾಜ್ ಒಬ್ಬನೇ.

ದಿನಾಂಕ 12-11-2018ರಂದು ದೇವೇಂದ್ರನಿಗೆ ಹಗಲು ಬಾಡಿಗೆ ಇರಲಿಲ್ಲ. ಊಟ ಮಾಡಿ ನನ್ನ ಜೊತೆ ಹೊಲಕ್ಕೆ ಬಂದನು. ಕೊಯ್ದ ರಾಗಿಯನ್ನು ಒಣಗಲೆಂದು ಹೊಲದಲ್ಲೇ ಹಿಡಿ ಹಿಡಿಯಾಗಿ ಅರಿ ಬಿಟ್ಟಿದ್ದೆವು, ಅದನ್ನು ಕಂತೆ ಕಟ್ಟುತ್ತಿದ್ದೆವು. ನಾನು ಕಟ್ಟುತ್ತಿದ್ದೆನು, ಅವನು ಅರಿ ಎತ್ತಿ ಕೊಡುತ್ತಿದ್ದನು. ಮಧ್ಯಾಹ್ನ ಸುಮಾರು ಎರಡೂವರೆ ಗಂಟೆಯಲ್ಲಿ, ಎತ್ತಿದ ಅರಿಯನ್ನು ಹಾಗೇ ಕೆಳಕ್ಕೆ ಬಿಟ್ಟು, "ಅಮ್ಮಾ, ಹುಳ ಮುಟ್ಟಿಬಿಡ್ತು" ಎಂದನು. ನಮ್ಮಲ್ಲಿ ಹಾವು ಎನ್ನುವುದಿಲ್ಲ, ಹುಳ ಎನ್ನುತ್ತೇವೆ. ಬಲಗೈಯ ಮಣಿಕಟ್ಟಿನ ಮೇಲೆ ಎರಡು ಗುರುತಿದ್ದವು. ನಾಗರಹಾವು ಬದುವಿನ ಕಡೆಗೆ ಹೋಗುವುದನ್ನು ನಾನು ಕಣ್ಣಾರೆ ನೋಡಿದೆನು.

ಸೆರಗು ಹರಿದು ತೋಳಿಗೆ ಕಟ್ಟಿದೆನು. ಅವನೇ ಎಡಗೈಯಲ್ಲಿ ಫೋನು ಮಾಡಿ ಆಂಬುಲೆನ್ಸ್ ಕೇಳಿದನು. ಅದು ಇನ್ನೊಬ್ಬರನ್ನು ಕರೆದುಕೊಂಡು ಹೋಗುತ್ತಿದೆ, ವಾಪಸ್ಸು ಬರಲು ಮುಕ್ಕಾಲು ಗಂಟೆ ಆಗುತ್ತದೆ ಎಂದರಂತೆ. ಆಮೇಲೆ ಭೀಮರಾಜನಿಗೆ ಮಾಡಿದನು. ಮಂತ್ರ ಹಾಕುವವರ ಹತ್ತಿರ ಹೋಗೋಣವೇ ಎಂದು ನಾನು ಬಾಯಿ ತೆಗೆಯುವ ಮೊದಲೇ ಅವನು ಹೊಸಕೋಟೆಗೆ ಹೋಗಬೇಕು, ದೊಡ್ಡ ಆಸ್ಪತ್ರೆಗೇ ಎಂದನು. ಭೀಮರಾಜ್ ನಮ್ಮ ಮನೆಯಿಂದ ಕಾರನ್ನು ಹೊಲದ ಬದುವಿನ ತನಕ ತಂದನು. ನಾನು ಹಿಂದಿನ ಸೀಟಿನಲ್ಲಿ ಕೂತು ಮಗನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆನು. ಹೊರಟಾಗ ಎರಡೂಮುಕ್ಕಾಲು ಎಂದು ಫೋನು ನೋಡಿ ಪೊಲೀಸಿನವರೇ ಲೆಕ್ಕ ಹಾಕಿದ್ದಾರೆ. ನನಗೆ ಗಡಿಯಾರದ ಜ್ಞಾನ ಇರಲಿಲ್ಲ.

ಹಳ್ಳಿಗಳ ಮೇಲೆ ಹೋಗುವ ಒಳದಾರಿ ಹತ್ತಿರವೆಂದು ಅದರಲ್ಲೇ ಹೋದೆವು. ಆ ದಾರಿಯಲ್ಲಿ ಲೇಔಟುಗಳಿಗೆ ಜಲ್ಲಿ ಹೊಡೆಯುವ ಟಿಪ್ಪರ್‌ಗಳು ಓಡಾಡುತ್ತವೆ, ರಸ್ತೆಯ ಮೇಲೆಲ್ಲ ಜಲ್ಲಿ ಚೆಲ್ಲಿರುತ್ತದೆ. ಸುಮಾರು ಇಪ್ಪತ್ತು ನಿಮಿಷ ಹೋಗಿದ್ದೆವು, ನೀಲಗಿರಿ ತೋಪಿನ ಹತ್ತಿರ ಎಡಗಡೆ ಮುಂದಿನ ಚಕ್ರ ಪಟ್ ಎಂದಿತು. ಅಲ್ಲಿಂದ ಆಸ್ಪತ್ರೆಗೆ ಎಂಟು ಕಿಲೋಮೀಟರ್ ಇತ್ತೆಂದು ಈಗ ಗೊತ್ತಾಗಿದೆ.

ಇಲ್ಲಿಂದ ಮುಂದೆ ಯಾರು ಏನು ಮಾತಾಡಿದರೋ ಅದನ್ನು ಅವರು ಆಡಿದಂತೆಯೇ ಬರೆಯಬೇಕೆಂದು ನಾನು ಬೈರಪ್ಪನವರಿಗೆ ಹೇಳಿದ್ದೇನೆ. ಸುತ್ತಿ ಬಳಸಿ ಬರೆದರೆ ಆಗುವುದಿಲ್ಲ.

ಭೀಮರಾಜ್ ಗಾಡಿ ನಿಲ್ಲಿಸಲಿಲ್ಲ. ಇದು ಮುಖ್ಯ. ಚಕ್ರದಲ್ಲಿ ಗಾಳಿ ಹೋಗಿ ಗಾಡಿ ಎಡಕ್ಕೆ ವಾಲಿ ದಡದಡ ಎನ್ನುತ್ತಿದ್ದರೂ ಅವನು ಓಡಿಸುತ್ತಲೇ ಇದ್ದನು. ಆಗ ನನ್ನ ತೊಡೆಯ ಮೇಲೆ ಮಲಗಿದ್ದ ದೇವೇಂದ್ರನು ಆ ಶಬ್ದ ಕೇಳಿ ತಲೆ ಎತ್ತಿ, "ಲೇ ಭೀಮ, ನಿಲ್ಸೋ" ಎಂದನು.

ಭೀಮರಾಜ್, "ಅಣ್ಣ, ಎಂಟೇ ಕಿಲೋಮೀಟ್ರು. ರಿಮ್ ಮೇಲೆ ಮೆಲ್ಲಗೆ ಹೋಗ್ಬಿಡ್ತೀನಿ. ರಿಮ್ ಹೋದ್ರೆ ಹೋಗ್ಲಿ" ಎಂದನು.

ನನ್ನ ಮಗ, "ಬ್ಯಾಡ ಅಂದ್ನಲ್ಲ. ರಿಮ್ ಮೇಲೆ ಓಡಿಸಿದ್ರೆ ಚಕ್ರ ಕಿತ್ಕೊಂಡೋಯ್ತದೆ. ಅಮ್ಮ ಅವ್ಳೆ ಕಣೋ ಗಾಡೀಲಿ. ಸ್ಟೆಪ್ನಿ ಹಾಕು, ಐದು ನಿಮಿಷದ ಕೆಲ್ಸ" ಎಂದನು.

ಭೀಮರಾಜ್ ಕನ್ನಡಿಯಲ್ಲಿ ನನ್ನ ಮುಖ ನೋಡಿದನು. ಅವನು ಹೇಳಿದಂಗೆ ಮಾಡಪ್ಪ ಎಂದು ನಾನೂ ಹೇಳಿದೆನು. ಗಾಡಿಯ ವಿಚಾರ ನನ್ನ ಮಗನಿಗೆ ಗೊತ್ತಿರುವಷ್ಟು ನನಗೆಲ್ಲಿ ಗೊತ್ತು? ಆಮೇಲೆ ಭೀಮರಾಜ್ ಗಾಡಿ ನಿಲ್ಲಿಸಿದನು. ಅವನು ದೇವೇಂದ್ರನ ಮಾತನ್ನು ಮೀರಿದ್ದನ್ನು ನಾನು ಒಂದು ದಿನವೂ ನೋಡಿಲ್ಲ.

ಜಾಕ್ ಕೊಡುವ ಮೊದಲು ನಟ್ಟು ಸಡಿಲ ಮಾಡಲು ಹೋದನು. ಆ ಚಕ್ರಕ್ಕೆ ನಾಲ್ಕು ನಟ್ಟು. ಸ್ಪಾನರ್ ಹಾಕಿ ಒತ್ತಿದನು, ಬರಲಿಲ್ಲ. ಕಾಲಲ್ಲಿ ಒದ್ದನು. ಒದ್ದು ಒದ್ದು ಒಂದು ನಟ್ಟು ಕಿರ್ ಎಂದು ತಿರುಗಿತು. ಅಷ್ಟರಲ್ಲಿ ಸೊಪ್ಪಿನ ಮೂಟೆ ಹಾಕಿಕೊಂಡು ಟಿವಿಎಸ್‌ನಲ್ಲಿ ಬರುತ್ತಿದ್ದ ಪಿಳ್ಳಪ್ಪ ಎಂಬುವರು ನಿಲ್ಲಿಸಿದರು. ಇವರು ರೇಷ್ಮೆ ಹುಳ ಸಾಕುವವರು, ಪಕ್ಕದ ಊರಿನವರು, ಇವರನ್ನೂ ಕೇಳಬಹುದು. ವಿಷಯ ತಿಳಿದು ಮೂಟೆಯನ್ನು ಅಲ್ಲೇ ಕೆಡವಿ, ತಮ್ಮ ತೋಟದ ಬೋರಿನಿಂದ ಒಂದು ಕಬ್ಬಿಣದ ಪೈಪು ತಂದರು. ಪೈಪನ್ನು ಸ್ಪಾನರಿನ ಹಿಡಿಗೆ ತೂರಿಸಿ ಇಬ್ಬರೂ ಜೋತುಬಿದ್ದಾಗ ಎರಡನೆಯದೂ ಬಂದಿತು. ಎರಡು ಬಂದವು, ಇನ್ನು ಎರಡೇ ತಾನೇ ಎಂದು ನಮಗೆಲ್ಲ ಅನ್ನಿಸಿತು. ಒಂದು ಕಾರು, ಒಂದು ಟೆಂಪೋ ಕೈ ಅಡ್ಡ ಹಾಕಿದರೂ ನಿಲ್ಲಿಸದೆ ಹೋದವು.

ಮೂರನೆಯ ನಟ್ಟಿನ ಮೇಲೆ ಬೆಳ್ಳಿ ಬಣ್ಣ ದಪ್ಪಗೆ ಕೂತಿತ್ತು. ಸ್ಪಾನರಿನ ಬಾಯಿ ಅದರ ಮೇಲೆ ಪೂರ್ತಿ ಕೂರಲಿಲ್ಲ. ಪೈಪು ಹಾಕಿ ಒತ್ತಿದಾಗ ಸ್ಪಾನರ್ ಜಾರಿ ಭೀಮರಾಜನ ಮುಂಗೈ ರಸ್ತೆಗೆ ಉಜ್ಜಿ ರಕ್ತ ಬಂದಿತು. ಮತ್ತೆ ಹಾಕಿದನು, ಮತ್ತೆ ಜಾರಿತು. ನಟ್ಟಿನ ಮೂಲೆಗಳೆಲ್ಲ ಸವೆದು ಗುಂಡಗಾದವು. ಕಲ್ಲಿನಿಂದ ಸ್ಪಾನರನ್ನು ಬಡಿದು ಕೂರಿಸಿ ನೋಡಿದರು. ನಾಲ್ಕನೆಯದಕ್ಕೆ ಹಾಕಿದರು, ಅದು ಅಲುಗಲೇ ಇಲ್ಲ, ಸ್ಪಾನರಿನ ಬಾಯಿಯೇ ಸೀಳಿತು. ಭೀಮರಾಜ್ ನಟ್ಟುಗಳನ್ನು ಹಾಳುಮಾಡಿದನು ಎಂದು ದೂರಿನಲ್ಲಿರುವುದು ಇದನ್ನೇ. ಹಾಳಾಗಿದ್ದು ಅವನ ಕೈಯಲ್ಲಿ, ನಿಜ. ಆದರೆ ಅವನ ಕೈಗೆ ಬರುವ ಮೊದಲೇ ಅವು ಬರದಂತೆ ಆಗಿದ್ದವು.

ಅಷ್ಟು ಹೊತ್ತಿಗೆ ದೇವೇಂದ್ರನ ಕಣ್ಣಿನ ರೆಪ್ಪೆಗಳು ತಾವಾಗಿ ಮುಚ್ಚಿಕೊಳ್ಳುತ್ತಿದ್ದವು. ನಿದ್ದೆ ಮಾಡಬೇಡ ಎಂದು ಕೆನ್ನೆ ತಟ್ಟುತ್ತಿದ್ದೆನು. ನಿದ್ದೆ ಅಲ್ಲಮ್ಮ, ರೆಪ್ಪೆ ಎತ್ತಕ್ಕೆ ಆಗ್ತಿಲ್ಲ ಎಂದನು. ನಾಲಗೆ ದಪ್ಪವಾಗಿ ಮಾತು ತೊದಲುತ್ತಿತ್ತು. ನಾನು ನನ್ನ ಎರಡು ಬೆರಳಿನಿಂದ ಅವನ ರೆಪ್ಪೆ ಎತ್ತಿ ಹಿಡಿದುಕೊಂಡಿದ್ದೆನು, ಅವನು ನನ್ನನ್ನು ನೋಡಲಿ ಎಂದು. ಅವನು ನನ್ನನ್ನು ನೋಡಲಿಲ್ಲ. ಕಾರಿನ ತೆರೆದ ಬಾಗಿಲಿನಿಂದ ಭೀಮರಾಜನ ಬೆನ್ನನ್ನೇ ನೋಡುತ್ತಿದ್ದನು. ಸ್ಪಾನರ್ ಸೀಳಿದ ಶಬ್ದಕ್ಕೆ, "ಬರಲ್ಲ ಬಿಡೋ ಭೀಮ. ನಾನೇ ಹತ್ತಿ ನಿಂತಿದ್ದು" ಎಂದನು.

ಅದೇ ಕೊನೆ. ಅದಾದ ಮೇಲೆ ನನ್ನ ಮಗನ ಬಾಯಿಂದ ಮಾತು ಬರಲಿಲ್ಲ.

ನಾನು ಆಗ ಕಿರುಚಿದೆನು. ಚಕ್ರ ಹಾಳಾಗಿ ಹೋಗಲಿ, ನಾನೂ ಹಾಳಾಗಿ ಹೋಗಲಿ, ಓಡಿಸು ಎಂದು ಕಿರುಚಿದೆನು. ಭೀಮರಾಜ್ ಅಳುತ್ತಾ, ಬಿಚ್ಚಿದ್ದ ಎರಡು ನಟ್ಟುಗಳನ್ನು ಕೈಯಲ್ಲೇ ತಿರುಗಿಸಿ ಹಾಕಿದನು. ಸೀಳಿದ ಸ್ಪಾನರಿನಿಂದ ಬಿಗಿ ಮಾಡಲು ಆಗಲಿಲ್ಲ. ಪಿಳ್ಳಪ್ಪನವರು ಹಾರನ್ ಹೊಡೆಯುತ್ತಾ ಮುಂದೆ ಮುಂದೆ ದಾರಿ ಬಿಡಿಸಿಕೊಂಡು ಹೋದರು. ಪಂಕ್ಚರ್ ಆದಾಗಿನಿಂದ ಅಲ್ಲಿಯವರೆಗೆ ನಲವತ್ತು ನಿಮಿಷ ಆಗಿತ್ತಂತೆ. ಎಂಟು ಕಿಲೋಮೀಟರ್ ರಿಮ್ ಮೇಲೆ ಓಡಿಸಿದನು. ಟೈರು ಚಿಂದಿಯಾಗಿ ಹೋಯಿತು. ಕಬ್ಬಿಣ ರಸ್ತೆಗೆ ಉಜ್ಜುವ ಶಬ್ದ ಈಗಲೂ ನನ್ನ ಕಿವಿಯಲ್ಲಿದೆ. ನಾನು ದಾರಿಯುದ್ದಕ್ಕೂ ಮಗನ ಮೂಗಿನ ಹತ್ತಿರ ಕೈ ಇಟ್ಟುಕೊಂಡಿದ್ದೆನು. ಹೊಸಕೋಟೆಯ ಮನೆಗಳು ಕಾಣಿಸುವ ಹೊತ್ತಿಗೆ ಕೈಗೆ ಉಸಿರು ತಾಗುವುದು ನಿಂತಿತು.

ಚಕ್ರ ಕಿತ್ತುಕೊಂಡು ಹೋಗಲಿಲ್ಲ. ಕೈಯಲ್ಲಿ ಹಾಕಿದ್ದ ಎರಡು ನಟ್ಟು ದಾರಿಯಲ್ಲೇ ಉದುರಿ ಹೋಗಿದ್ದವು. ಬಾರದೇ ಇದ್ದ ಆ ಎರಡೇ ನಟ್ಟಿನ ಮೇಲೆ ಚಕ್ರ ನಿಂತುಕೊಂಡು ನಮ್ಮನ್ನು ಆಸ್ಪತ್ರೆಯ ಬಾಗಿಲ ತನಕ ಮುಟ್ಟಿಸಿತು. ನನ್ನ ಮಗ ಅಷ್ಟು ಭದ್ರವಾಗಿ ಬಿಗಿದಿದ್ದನು. ಮೊದಲೇ ಓಡಿಸಿದ್ದರೆ ಮೊದಲೂ ಮುಟ್ಟಿಸುತ್ತಿತ್ತು.

ಆಸ್ಪತ್ರೆಯಲ್ಲಿ ತಕ್ಷಣ ಒಳಗೆ ತೆಗೆದುಕೊಂಡು ಔಷಧಿ ಕೊಟ್ಟರು, ಗಂಟಲಿಗೆ ಕೊಳವೆ ಹಾಕಿದರು. ಅವರು ಮಾಡಬೇಕಾದದ್ದನ್ನೆಲ್ಲ ಮಾಡಿದರು. ಸಾಯಂಕಾಲ ಐದು ಗಂಟೆಯ ನಂತರ ಡಾಕ್ಟರಮ್ಮ ಹೊರಗೆ ಬಂದು, ಉಸಿರಾಡುತ್ತಿರುವಾಗಲೇ ತಂದಿದ್ದರೆ ನೋಡಬಹುದಿತ್ತಮ್ಮ ಎಂದರು. ಮೂರ್ತಿ ಆಗ ತಾನೇ ಕಂಪನಿಯಿಂದ ಬಂದಿದ್ದನು. ಆ ಮಾತು ಕೇಳಿದವನೇ ಭೀಮರಾಜನ ಕೊರಳಪಟ್ಟಿ ಹಿಡಿದನು. ಗಾಡಿ ಯಾಕೋ ನಿಲ್ಲಿಸಿದೆ ಎಂದು ಕೇಳಿದ್ದಕ್ಕೆ ಭೀಮರಾಜ್, ಅಣ್ಣನೇ ನಿಲ್ಲಿಸು ಅಂದ್ರು ಎಂದನು. ಸತ್ತವನ ಮೇಲೆ ಹಾಕುತ್ತೀಯಾ ಎಂದು ಮೂರ್ತಿ ಹೊಡೆದನು. ಭೀಮರಾಜ್ ಕೈ ಎತ್ತಲಿಲ್ಲ. ನಾನು ಗೋಡೆಗೆ ಒರಗಿ ಕೂತಿದ್ದೆನು. ಮೂರ್ತಿಯ ಮೇಲೆ ನನಗೆ ದ್ವೇಷವಿಲ್ಲ, ಅವನಿಗೆ ಯಾರನ್ನಾದರೂ ಹೊಡೆಯಬೇಕಿತ್ತು.

ಈಗ ಹೇಳುವುದೇ ನಾನು ಇಷ್ಟು ದಿನ ಠಾಣೆಗೆ ಬಾರದೇ ಇದ್ದುದಕ್ಕೆ ಕಾರಣ.

ನನ್ನ ಸೊಸೆ ಜ್ಯೋತಿಲಕ್ಷ್ಮಿ ಶಾಲೆಯಿಂದ ನೇರವಾಗಿ ಆಸ್ಪತ್ರೆಗೆ ಬಂದಳು. ಅವಳು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅವಳ ಕೈಯಲ್ಲಿ ಇನ್ನೂ ಸಾರಿನ ವಾಸನೆ ಇತ್ತು. ಅವಳು ಅಳಲಿಲ್ಲ. ನನ್ನ ಭುಜ ಹಿಡಿದು ಅಲ್ಲಾಡಿಸಿ, "ಅತ್ತೆ, ಕೊನೇಗೆ ಏನಂದ್ರು? ಏನಾದ್ರೂ ಅಂದ್ರಾ?" ಎಂದು ಕೇಳಿದಳು. ಅವನು ಅಂದದ್ದು ನಟ್ಟಿನ ವಿಚಾರ. ಅದಕ್ಕೂ ಮೊದಲು ಅಂದದ್ದು ಅಮ್ಮ ಗಾಡಿಯಲ್ಲಿದ್ದಾಳೆ ಎಂದು. ಹೆಂಡತಿಯ ವಿಚಾರವನ್ನಾಗಲಿ ಮಗುವಿನ ವಿಚಾರವನ್ನಾಗಲಿ ಅವನು ಎತ್ತಿರಲೇ ಇಲ್ಲ. ಆ ಹುಡುಗಿಗೆ ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. "ಜ್ಯೋತಿ, ಜ್ಯೋತಿ ಅಂತ ಎರಡು ಸಲ ಕೂಗ್ದ ಕಣವ್ವ. ಮಗೀನ ಚೆನ್ನಾಗಿ ನೋಡ್ಕೊ ಅಂದ" ಎಂದೆನು. ಆಗ ಅವಳು ಅತ್ತಳು.

ಅಂದಿನಿಂದ ಮನೆಗೆ ಮಾತಾಡಿಸಲು ಬಂದವರಿಗೆಲ್ಲ ಅವಳು ಇದನ್ನೇ ಹೇಳುತ್ತಿದ್ದಾಳೆ. ಹನ್ನೊಂದನೆಯ ದಿನ ನೆಂಟರ ಮುಂದೆ ಹರ್ಷಿತಳನ್ನು ಮಡಿಲಲ್ಲಿ ಕೂರಿಸಿಕೊಂಡು, ನಿಮ್ಮಪ್ಪ ಕೊನೆಗೆ ನಿನ್ನನ್ನೇ ನೆನೆಸಿಕೊಂಡರು ಎಂದಳು. ನಾನು ಬಾಯಿ ಬಿಟ್ಟು ನಡೆದದ್ದನ್ನು ಹೇಳಿದರೆ ಆ ಮಾತು ಸುಳ್ಳಾಗುತ್ತದೆ. ಸುಮ್ಮನಿದ್ದರೆ ಭೀಮರಾಜ್ ಜೈಲಿಗೆ ಹೋಗುತ್ತಾನೆ. ಇದು ನನ್ನ ಸಂಕಟ. ಈ ಸಂಕಟದಲ್ಲಿ ನಾನು ಮಗನಿಗಾಗಿ ನೆಟ್ಟಗೆ ಅಳಲೂ ಇಲ್ಲ.

ಮೊನ್ನೆ ಶನಿವಾರ ಬೆಳಿಗ್ಗೆ ಹಾಲು ಹಾಕಿ ಡೈರಿಯಿಂದ ಬರುವಾಗ ಭೀಮರಾಜನ ತಾಯಿ ಮುತ್ಯಾಲಮ್ಮ ನಮ್ಮ ಗೇಟಿನ ಹೊರಗೆ ನಿಂತಿದ್ದಳು. ಒಳಗೆ ಬಾ ಎಂದರೆ ಬರಲಿಲ್ಲ, ಕೂತುಕೋ ಎಂದರೆ ಕೂರಲಿಲ್ಲ. ಮಗನನ್ನು ಕೇಸಿನಿಂದ ಬಿಡಿಸಿ ಎಂದು ಕೇಳುತ್ತಾಳೆ ಎಂದುಕೊಂಡೆನು. ಅವಳು ಅದನ್ನು ಕೇಳಲಿಲ್ಲ. "ದೇವಣ್ಣ ಹೋದಾಗಿಂದ ನನ್ ಮಗ ಸ್ಟೇರಿಂಗ್ ಮುಟ್ಟಿಲ್ಲ ಕಣಮ್ಮ. ನಾನು ನಿಲ್ಲಿಸ್ಬಾರ್ದಿತ್ತು, ಅಣ್ಣನ ಮಾತು ಕೇಳ್ಬಾರ್ದಿತ್ತು ಅಂತಾನೆ. ನೀನಾದ್ರೂ ಒಂದು ಮಾತು ಹೇಳಮ್ಮ, ಅವ್ನು ನಿಲ್ಲಿಸಿದ್ದು ಯಾರು ಹೇಳಿದ್ದಕ್ಕೆ ಅಂತ. ಪೊಲೀಸ್ರಿಗೆ ಬ್ಯಾಡ, ನನಗೆ ಹೇಳು ಸಾಕು" ಎಂದಳು. ನಾನು ಅವಳಿಗೆ ಏನೂ ಹೇಳದೆ ಒಳಗೆ ಹೋದೆನು. ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಎರಡು ದಿನ ಊಟ ಸೇರಲಿಲ್ಲ.

ಇವತ್ತು ಠಾಣೆಗೆ ಬಂದಾಗ ಹಿಂದಿನ ಅಂಗಳದಲ್ಲಿ ನಮ್ಮ ಕಾರು ನಿಂತಿರುವುದನ್ನು ನೋಡಿದೆನು. ಕಾರನ್ನು ಪರೀಕ್ಷೆ ಮಾಡಿದ ಮೋಟಾರು ವಾಹನ ನಿರೀಕ್ಷಕರು ಏನು ಬರೆದಿದ್ದಾರೆಂದು ಸಬ್ ಇನ್‌ಸ್ಪೆಕ್ಟರ್ ಸಾಹೇಬರು ನನಗೆ ಬಿಡಿಸಿ ಹೇಳಿದರು. ಚಕ್ರದ ಬೋಲ್ಟಿಗೆ ಎಣ್ಣೆ ಹಾಕಬಾರದಂತೆ. ತುಕ್ಕಿದ್ದರೆ ತಂತಿಯ ಬ್ರಷ್ಷಿನಲ್ಲಿ ಉಜ್ಜಿ, ಒಣಗಿದ್ದ ಹಾಗೆಯೇ ನಟ್ಟು ಹಾಕಬೇಕಂತೆ. ಗಾಡಿಯ ಜೊತೆ ಬಂದ ಸ್ಪಾನರಿನಲ್ಲಿ ಕೈಯ ಬಲದಿಂದ ಬಿಗಿಯುವಷ್ಟು ಬಿಗಿದರೆ ಸಾಕಂತೆ. ಎಣ್ಣೆ ಹಾಕಿ ಮೇಲೆ ಹತ್ತಿ ನಿಂತರೆ ನಟ್ಟು ಬೇಕಾದ್ದಕ್ಕಿಂತ ಒಳಕ್ಕೆ ಹೋಗಿ, ಬೋಲ್ಟು ಹಿಗ್ಗಿ, ತಿರುಪು ಕಚ್ಚಿಕೊಂಡುಬಿಡುತ್ತದಂತೆ. ಅದರ ಮೇಲೆ ಬಣ್ಣ ಬಳಿದರೆ ಸ್ಪಾನರಿಗೆ ಹಿಡಿತವೇ ಸಿಗುವುದಿಲ್ಲವಂತೆ. ಎತ್ತಿನ ಗಾಡಿಗೆ ಸರಿಯಾದದ್ದು ಕಾರಿಗೆ ಸರಿಯಾಗುವುದಿಲ್ಲ ಎಂದು ಯಾರಾದರೂ ಅವನಿಗೆ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ನಕ್ಕವರು ಇದ್ದರು, ಹೇಳಿದವರು ಇರಲಿಲ್ಲ. ಆ ಎರಡು ನಟ್ಟುಗಳು ಇವತ್ತಿಗೂ ಬಂದಿಲ್ಲ, ಕೊಯ್ದೇ ತೆಗೆಯಬೇಕು ಎಂದರು. ನಾನು ಹತ್ತಿರ ಹೋಗಿ ಅವುಗಳನ್ನು ಮುಟ್ಟಿ ನೋಡಿದೆನು. ಬಣ್ಣ ಹಾಗೇ ಇತ್ತು.

ಆದ್ದರಿಂದ ಭೀಮರಾಜನದು ಏನೂ ತಪ್ಪಿಲ್ಲ. ಅವನು ಓಡಿಸುತ್ತೇನೆ ಎಂದನು, ನನ್ನ ಮಗ ಬೇಡ ಎಂದನು, ನಾನೂ ಮಗನ ಮಾತಿಗೆ ಹೂಂಗುಟ್ಟಿದೆನು. ಅವನ ಮೇಲಿನ ಕೇಸು ಕೈಬಿಡಬೇಕೆಂದು ಕೋರುತ್ತೇನೆ. ದೇವೇಂದ್ರನ ಕೊನೆಯ ಮಾತಿನ ವಿಚಾರ ನನ್ನ ಸೊಸೆಗೆ ತಿಳಿಯದಂತೆ ಮಾಡಲು ಆಗುತ್ತದೆಯೇ ಎಂದು ಕೇಳಿದೆನು. ಆಗುವುದಿಲ್ಲ, ಇದು ನ್ಯಾಯಾಲಯಕ್ಕೆ ಹೋಗುವ ಕಾಗದ, ಭೀಮರಾಜ್ ಉಳಿಯುವುದೇ ಆ ಮಾತಿನ ಮೇಲೆ, ವಕೀಲರು ಎಲ್ಲರ ಮುಂದೆ ಓದುತ್ತಾರೆ ಎಂದು ಸಾಹೇಬರು ಹೇಳಿದರು. ಹಾಗಾದರೆ ಇರಲಿ, ಬರೆದುಕೊಳ್ಳಿ ಎಂದೆನು.

ಇಷ್ಟು ಬರೆದುಕೊಂಡ ನಂತರ, ನನಗೆ ಓದು ಬರಹ ಬಾರದ್ದರಿಂದ ಬೈರಪ್ಪನವರು ಮೊದಲಿನಿಂದ ಗಟ್ಟಿಯಾಗಿ ಓದಿ ಹೇಳಿದರು. ಓದುವಾಗ ನಡೆದದ್ದನ್ನೂ ಸೇರಿಸಬೇಕೆಂದು ನಾನು ಕೇಳಿದ್ದರಿಂದ ಕೆಳಗೆ ಸೇರಿಸಲಾಗಿದೆ.

ನನ್ನನ್ನು ಠಾಣೆಗೆ ಬಸ್ಸಿನಲ್ಲಿ ಕರೆದುಕೊಂಡು ಬಂದವಳು ಜ್ಯೋತಿಲಕ್ಷ್ಮಿಯೇ. ಕಾರಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಕು ಎಂದು ಹೇಳಿ ಅವಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದ್ದೆನು. ಬೈರಪ್ಪನವರದು ದೊಡ್ಡ ಗಂಟಲು. ಅವರು ನೀಲಗಿರಿ ತೋಪಿನ ಹತ್ತಿರದ್ದನ್ನು ಓದುತ್ತಿರುವಾಗ ನಾನು ತಿರುಗಿ ನೋಡಿದರೆ ಅವಳು ಬಾಗಿಲಲ್ಲಿ ನಿಂತಿದ್ದಳು. ಬೈರಪ್ಪನವರು ಓದುವುದನ್ನು ನಿಲ್ಲಿಸಿದರು. ಅವಳು ಓದಿ ಸಾರ್ ಎಂದಳು. ಅವರು ನನ್ನ ಮುಖ ನೋಡಿ, ಮತ್ತೆ ಓದಿದರು. ಹಾಳಾದ ಆ ಗಂಟಲು ಒಂದು ಅಕ್ಷರವನ್ನೂ ತಗ್ಗಿಸಲಿಲ್ಲ. ಕೊನೆಯ ತನಕ ಅವಳು ನಿಂತೇ ಕೇಳಿದಳು.

ನಾನು ತಲೆ ತಗ್ಗಿಸಿ ಕೂತಿದ್ದೆನು. ಅವಳು ಬಂದು ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತು, "ಅವ್ರು ಯಾವತ್ತಾದ್ರೂ ನನ್ನ ಹೆಸರಿಟ್ಟು ಕರೆದಿದ್ದು ಕೇಳಿದ್ದೀರಾ ಅತ್ತೆ? ಮದ್ವೆಯಾಗಿ ಎಂಟು ವರ್ಷ. ಇವ್ಳೇ ಅನ್ನೋದು ಬಿಟ್ರೆ ಬೇರೆ ಇಲ್ಲ. ಆಸ್ಪತ್ರೇಲಿ ನೀವು ಜ್ಯೋತಿ ಜ್ಯೋತಿ ಅಂದ್ರಲ್ಲ, ನಂಗೆ ಆಗ್ಲೇ ಗೊತ್ತಾಯ್ತು" ಎಂದಳು.

ಗೊತ್ತಿದ್ದೂ ಊರಿಗೆಲ್ಲ ಯಾಕೆ ಹೇಳಿಕೊಂಡು ಬಂದೆಯವ್ವ ಎಂದು ಕೇಳಿದೆನು.

"ಹೇಳ್ತಾ ಹೇಳ್ತಾ, ಅಂದಿದ್ರೇನೋ ಅನ್ನಿಸೋದು ಅತ್ತೆ" ಎಂದಳು.

ಹೆಬ್ಬೆಟ್ಟಿನ ಗುರುತಿಗೆ ಒಬ್ಬರು ಸಾಕ್ಷಿ ಹಾಕಬೇಕೆಂದು ಬೈರಪ್ಪನವರು ಕಾನ್ಸ್‌ಟೇಬಲ್ ಒಬ್ಬರನ್ನು ಕರೆಯಲು ಹೋದಾಗ ಅವಳೇ ಎದ್ದು ಪೆನ್ನು ತೆಗೆದುಕೊಂಡಳು.

ಮೇಲೆ ಬರೆದಿರುವುದೆಲ್ಲ ನಾನು ನನ್ನ ಬಾಯಿಂದ ಹೇಳಿದ್ದು, ನನ್ನ ಕಿವಿಯಿಂದ ಮತ್ತೆ ಕೇಳಿದ್ದು. ಇದರಲ್ಲಿ ನಡೆಯದೇ ಇದ್ದದ್ದು ಯಾವುದೂ ಇಲ್ಲ. ಸತ್ಯವೆಂದು ಒಪ್ಪಿ ಗುರುತು ಒತ್ತಿರುತ್ತೇನೆ.

ಸ್ಥಳ: ಸೂಲಿಬೆಲೆ
ದಿನಾಂಕ: 26-11-2018

ಆದಿಲಕ್ಷ್ಮಮ್ಮನವರ ಎಡಗೈ ಹೆಬ್ಬೆಟ್ಟಿನ ಗುರುತು

ಬರೆದುಕೊಂಡು ಓದಿ ಹೇಳಿದವರು: (ಸಹಿ) ಬೈರಪ್ಪ, ಹೆಡ್ ಕಾನ್ಸ್‌ಟೇಬಲ್

ಗುರುತಿಗೆ ಸಾಕ್ಷಿ: (ಸಹಿ) ಜ್ಯೋತಿಲಕ್ಷ್ಮಿ ಕೋಂ ಲೇಟ್ ದೇವೇಂದ್ರ